ಮಸ್ಕಿ ಹಳ್ಳದ ಒಂದು ಇರುಳು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ನಡುವೆ ಸಿಕ್ಕುವ ಮಸ್ಕಿಯ ಹೆಸರನ್ನು ಇತಿಹಾಸ ಓದಿದವರೆಲ್ಲರೂ ಬಲ್ಲರು. 1915ರಲ್ಲಿ ಬಂಗಾರದ ಗಣಿಯ ಕೆಲಸದವನಾದ ಬೀಡನ್ ಎಂಬ ಎಂಜಿನಿಯರನಿಗೆ ಇಲ್ಲಿಯ ಬಂಡೆಯ ಮೇಲೆ ಒಂದು ಶಾಸನವು ಗೋಚರವಾಯಿತು. ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರು ಮೊಟ್ಟಮೊದಲು ಕಂಡುಬಂದುದು ಅದರಲ್ಲಿಯೇ. ಆ ಕಲ್ಲನ್ನು ನೋಡಲು ದೂರದೂರದಿಂದ ಜನರು ಬರುವರು. ಆದರೆ ಅದೇ ಊರಿನ ಮಗ್ಗುಲಲ್ಲಿ ಹರಿದು ತುಂಗಭದ್ರೆಯನ್ನು ಸೇರುವ ಮಸ್ಕಿ ಹಳ್ಳವನ್ನು ನೋಡಹೋಗುವವರು ವಿರಳ. ಆ ಹಳ್ಳಕ್ಕೆ ಮಾರಲದಿನ್ನಿಯ ಬಳಿ ಅಡ್ಡಗಟ್ಟಿರುವ ಜಲಾಶಯದ ದಡದಲ್ಲಿ ನಾವು ಕಳೆದ ಒಂದು ಇರುಳಿನ ವೃತ್ತಾಂತವನ್ನು ವಾಚಕರಿಗೆ ಅರಿಕೆ ಮಾಡುತ್ತೇವೆ.

ನಮ್ಮ ಸೋದರಳಿಯನಿಗೆ ಗಾಳದ ಹುಚ್ಚು ಬಹಳ. ಕಲ್ಯಾಣದ ಅರಸನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದೆಯೆಂದೂ, ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳನ್ನೂ ಅವುಗಳಿಗೆ ಒಡ್ಡುವ ಆಹಾರವನ್ನೂ ಅಲ್ಲಿ ಹೇಳಿದೆಯೆಂದೂ ನಮ್ಮಿಂದ ಕೇಳಿದಂದಿನಿಂದ ಆ ಹುಚ್ಚಿಗೆ ಶಾಸ್ತ್ರದ ಬಲವೂ ಒದಗಿತು. ಅದೇ ಬಾಯಿಯಿಂದ ನಾವು ಇನ್ನೊಂದನ್ನೂ ಹೇಳಿದ್ದೆವು: ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಹುಣ್ಣಿಮೆಗಳಂದೂ ಉಪವಾಸದ ದಿನಗಳಂದೂ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದ್ದಾನೆ. ನಾವು ಹೊರಟದ್ದು ವೈಶಾಖ ಬಹುಳ ದಶಮಿಯಂದು; ಆದುದರಿಂದ ಚಕ್ರವರ್ತಿಯ ಅಪ್ಪಣೆಗೆ ಭಂಗ ಬರಲಿಲ್ಲ.

ರಾಯಚೂರು ಜಿಲ್ಲೆಯ ವೈಶಾಖವೆಂದರೆ ಹಗಲು ಕೆಂಡ. ಇರುಳಾದ ಮೇಲೆಯೇ ನೀರಿನ ಕಡೆಯಿಂದ ತುಸು ತಂಗಾಳಿ. ನೀರು ಇಳಿದು ದಡದ ಕರಿಯ ಮಣ್ಣು ಬಿರಿದಿದ್ದಿತು. ಮೀನು ಹಿಡಿಯುವ ಹಕ್ಕುಳ್ಳ ಅಂಬಿಗರ ಹಿರಿಯನೊಬ್ಬನು ನಮಗೆ ಮಾರ್ಗದರ್ಶಕನು. ಬಾಳೆಮೀನು ಹಗಲೆಲ್ಲ ಆಳದಲ್ಲಿ ಅಡಗಿದ್ದು, ಕತ್ತಲೆಯಾದ ಮೇಲೆ ದಡದತ್ತ ಬೇಟೆಗೆ ಬರುವುದೆಂದು ಅವನು ಹೇಳಿದನು. ಗಾಳಕ್ಕೆ ಕೋಳಿಯ ಕರುಳನ್ನು ಸಿಕ್ಕಿಸಿ, ಬೆಂಡು ಕಟ್ಟಿ, ನೀರಿಗೆ ಬಿಟ್ಟು ಕುಳಿತರು. ನಾವು ಗಾಳ ಹಿಡಿದವರಲ್ಲ, ದೀಪ ಹಿಡಿದವರು.

ಒಂಬತ್ತು ಗಂಟೆಯಿಂದ ಆರಂಭವಾಯಿತು ನೋಡಿರಿ! ಒಂದು ಬೆಂಡು ಮುಳುಗಿದರೆ ಇನ್ನೊಂದು ನಡುಗುವುದು. ಹನ್ನೊಂದರೊಳಗೆ ಎರಡು ಕೊರವ, ಮೂರು ಬಾಳೆ. ನಲವತ್ತು ವರ್ಷಗಳಲ್ಲಿ ಇಂಥ ರಾತ್ರಿಗಳನ್ನು ಬೆರಳಲ್ಲಿ ಎಣಿಸಬಹುದೆಂದು ಆ ಹಿರಿಯನೇ ಉದ್ಗರಿಸಿದನು. ಅಷ್ಟರಲ್ಲಿ ಎಲ್ಲಕ್ಕಿಂತ ದೊಡ್ಡದೊಂದು ಬಾಳೆ ದಡಕ್ಕೆ ಬಂದಿತು. ಉದ್ದ ಮೀಸೆ, ಕಣ್ಣಿನಿಂದಾಚೆಗೂ ಸೀಳಿದ ಬಾಯಿ, ಅದರ ತುಂಬ ಸಣ್ಣ ಹಲ್ಲು. ಅಳಿಯನು ಅದರ ಬಾಯಿಂದ ಗಾಳವನ್ನು ಬಿಡಿಸುತ್ತಿರಲು ಮೀನು ಒಮ್ಮೆಲೆ ಕೊಸರಿತು. ಅದು ನೀರಿಗೆ ಬಿದ್ದಿತು; ಗಾಳವು ಇವನ ಎಡಗೈಯ ಹೆಬ್ಬೆರಳಿನ ಬುಡದ ಮಾಂಸದಲ್ಲಿ ನಾಟಿತು.

ಅವನು ಅದನ್ನು ಹಿಡಿದು ಎಳೆಯಹೊರಟನು. ಅಂಬಿಗನು ಕೈ ಹಿಡಿದು ತಡೆದು, “ಎಳೀಬ್ಯಾಡ ತಮ್ಮಾ! ಮುಳ್ಳು ಒಳಗ ಐತಿ. ಎಳದ್ರ ಮಾಂಸ ಹರಕೊಂಡು ಬರ್ತೈತಿ,” ಎಂದನು. ಗಾಳದ ಮೊನೆಯ ಹಿಂದೆ ಹಿಮ್ಮುಖವಾಗಿ ಒಂದು ಮುಳ್ಳಿರುವುದಷ್ಟೆ. ಹೊಕ್ಕ ಮೀನು ಜಾರಿಹೋಗದಂತೆ ಮಾಡಿದ ಆ ಉಪಾಯವೇ ಮನುಷ್ಯನ ಕೈಯಲ್ಲಿಯೂ ಅದೇ ಕೆಲಸ ಮಾಡುವುದು.

ನೋವಿಗಿಂತ ಅಳಿಯನಿಗೆ ಆ ರಾತ್ರಿಯನ್ನು ಬಿಡುವ ಸಂಕಟವೇ ಹೆಚ್ಚು. “ಮಾವ, ಬಟ್ಟೆ ಸುತ್ತಿಕೊಳ್ಳುತ್ತೇನೆ. ಮೀನು ಈಗ ಕಚ್ಚುತ್ತಿವೆ, ಬೆಳಗಾದ ಮೇಲೆ ಹೋಗೋಣ,” ಎಂದು ಅಂಗಲಾಚಿದನು. ನಮಗೆ ಬಾಲ್ಯದ ಒಂದು ಸಂಗತಿ ನೆನಪಾಯಿತು. ನಮ್ಮೂರಿನ ರೈತನೊಬ್ಬನ ಕಾಲಿಗೆ ಹೊಲದಲ್ಲಿ ತುಕ್ಕು ಮೊಳೆ ಚುಚ್ಚಿ, ಅರಿಸಿನ ಮೆತ್ತಿ ಸುಮ್ಮನಿದ್ದನು. ಎಂಟು ದಿನಗಳ ತರುವಾಯ ದವಡೆ ಕಟ್ಟಿತು; ಮೈಯೆಲ್ಲ ಬಿಲ್ಲಿನಂತೆ ಬಾಗಿತು; ಆತ ಉಳಿಯಲಿಲ್ಲ. ಧನುರ್ವಾಯುವೆಂಬ ಹೆಸರು ಬಂದುದೇ ಆ ಬಾಗುವಿಕೆಯಿಂದ. ಅದರ ರೋಗಾಣುಗಳು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವುವು. ಕಿರಿದಾಗಿ ಆಳಕ್ಕಿಳಿದ, ಗಾಳಿಯಾಡದ ಗಾಯವೇ ಅವುಗಳಿಗೆ ಹಿತ. ನಾವು ಮಾತು ಬೆಳೆಸದೆ ದೀಪವನ್ನು ದಾರಿಯ ಕಡೆ ತಿರುಗಿಸಿದೆವು. ಅಂಬಿಗನು ದಾರವನ್ನು ಕತ್ತರಿಸಿ, ಗಾಳವು ಅಲುಗದಂತೆ ಬಟ್ಟೆ ಕಟ್ಟಿ, “ನಡೀರಿ ಮಾಸ್ತರ್ರೇ, ಮೀನ ನಾಳೆನೂ ಇರ್ತಾವ,” ಎಂದನು.

ಮಸ್ಕಿಯ ಆಸ್ಪತ್ರೆಯಲ್ಲಿದ್ದ ತರುಣ ವೈದ್ಯರು ಮರವಿನ ಸೂಜಿ ಹಾಕಿ, ಗಾಳವನ್ನು ಹಿಂದಕ್ಕೆಳೆಯದೆ ಮುಂದಕ್ಕೇ ದೂಡಿದರು. ಮೊನೆಯು ಇನ್ನೊಂದೆಡೆ ಚರ್ಮ ತೂರಿ ಹೊರಬಂದಿತು. ಮುಳ್ಳನ್ನು ಇಕ್ಕಳದಿಂದ ಕತ್ತರಿಸಿದ ಬಳಿಕ ಉಳಿದ ತಂತಿಯು ಬಂದ ದಾರಿಯಲ್ಲಿಯೇ ಸುಲಭವಾಗಿ ಜಾರಿಬಂದಿತು. ಗಾಯ ತೊಳೆದು ಧನುರ್ವಾಯುವಿನ ಲಸಿಕೆ ಹಾಕಿದರು. ಅಳಿಯನು ಕೊನೆಯ ಸಲ ಅದನ್ನು ಹಾಕಿಸಿಕೊಂಡುದು ಶಾಲೆಯಲ್ಲಿ. ಹತ್ತು ವರ್ಷಗಳ ಮೇಲಾಗಿದ್ದಿತು.

ನೋಡುತ್ತ ನಿಂತ ನಮಗೆ ಸುಶ್ರುತಸಂಹಿತೆಯ ನೆನಪಾಯಿತು. ದೇಹದಲ್ಲಿ ನೆಟ್ಟ ಶಲ್ಯವನ್ನು ತೆಗೆಯಲು ಆ ಆಚಾರ್ಯನು ಎರಡು ದಾರಿ ಹೇಳುವನು: ಹೊಕ್ಕ ಕಡೆಗೇ ಎಳೆಯುವುದು ಪ್ರತಿಲೋಮ, ಮುಂದೊತ್ತಿ ಆಚೆ ತೆಗೆಯುವುದು ಅನುಲೋಮ. ಅವನು ಎಣಿಸುವ ಇಪ್ಪತ್ತು ಶಸ್ತ್ರಗಳಲ್ಲಿ ಒಂದರ ಹೆಸರು ‘ಬಡಿಶ’. ಸಂಸ್ಕೃತದಲ್ಲಿ ಮೀನಿನ ಗಾಳಕ್ಕೂ ಅದೇ ಹೆಸರು. ವೈದ್ಯರಿಗೆ ಇದನ್ನು ತಿಳಿಸಿದಾಗ ಅವರು ನಕ್ಕು, “ನಮ್ಮ ಪುಸ್ತಕದಲ್ಲಿಯೂ ಎರಡೂ ದಾರಿ ಇವೆ, ಗುರುಗಳೇ, ಆದರೆ ಕಣ್ಣಿನ ಬಳಿ ನಾಟಿದ್ದರೆ ಮಾತ್ರ ಯಾರೂ ಮುಟ್ಟದೆ ದೊಡ್ಡ ಆಸ್ಪತ್ರೆಗೆ ಕರೆತರಬೇಕು,” ಎಂದರು.

ಗಾಯ ಮಾಗಿದ ಮೇಲೆ ಅಳಿಯನು ತನ್ನ ಗಾಳಗಳ ಮುಳ್ಳುಗಳನ್ನೆಲ್ಲ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದನು. ಕಾರ್ತಿಕದಲ್ಲಿ ಅದೇ ದಡಕ್ಕೆ ಮತ್ತೆ ಹೋದೆವು. ಅಂಬಿಗನು ಆ ಗಾಳವನ್ನು ಬೆರಳಿನಿಂದ ಸವರಿ, “ಇದರಾಗ ಅರ್ಧ ಮೀನ ತಪ್ಪಿಸ್ಕೊಂತಾವ ತಮ್ಮಾ,” ಎಂದನು. ಅಳಿಯನು, “ಹೋದರೆ ಹೋಗಲಿ ಬಿಡಪ್ಪಾ,” ಎಂದು ಗಾಳವನ್ನು ನೀರಿಗೆ ಬಿಟ್ಟನು.