ಮುರಿದ ಉಸಿರು

ನಮ್ಮ ಊರಿನಲ್ಲಿ ಬಹುಕಾಲದವರೆಗೆ ನೆರೆಯ ಊರೊಂದರ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ಇರಲಿಲ್ಲ. ‘ಆ ಊರು’ ಎಂದರೆ ಸಾಕಾಗುತ್ತಿತ್ತು. ಆ ಊರಿಗೆ ಹೆಣ್ಣು ಕೊಡುತ್ತಿದ್ದರು, ಆ ಊರಿನಿಂದ ಹೆಣ್ಣು ತರುತ್ತಿದ್ದರು, ಆ ಊರಿನ ಅಂಗಡಿಗಳಲ್ಲಿ ಸಾಲವನ್ನೂ ಮಾಡುತ್ತಿದ್ದರು. ಆದರೆ ಕಾಲೇಜಿನ ಆಟದ ಮಾತು ಬಂದಿತೆಂದರೆ ಎಂತಹ ಸಾಧುವಿನ ಹುಬ್ಬೂ ಗಂಟಿಕ್ಕುತ್ತಿತ್ತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎಂಬ ನಾಲ್ಕು ಊರುಗಳಲ್ಲಿ ಒಂದು ನಮ್ಮದು, ಇನ್ನೊಂದು ಅವರದು. ಯಾವುದು ಯಾರದೆಂದು ಇಲ್ಲಿಯೂ ನಾನು ಹೇಳುವುದಿಲ್ಲ. ಅದಕ್ಕೆ ಕಾರಣ ಹಳೆಯ ಹಗೆಯಲ್ಲ. ಏನೆಂಬುದನ್ನು ಓದುಗರು ಕೊನೆಯಲ್ಲಿ ಕಾಣುವರು.

ನಾನು ಹೇಳುತ್ತಿರುವುದು 1982ನೆಯ ಇಸವಿಯ ಮಾತು. ಆಗ ಈ ನಾಲ್ಕೂ ಊರುಗಳು ಕೋಲಾರ ಜಿಲ್ಲೆಗೆ ಸೇರಿದ್ದವು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದುದು 2007ರಲ್ಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಪುಟ್ಟ ರೈಲೊಂದು ಕಿರುಹಳಿಯ ಮೇಲೆ ಕೋಲಾರದ ಕಡೆಗೆ ತೆವಳುತ್ತಿತ್ತು. ಗೌರಿಬಿದನೂರಿನ ಹಳಿಯೇ ಬೇರೆ; ಅದು ಹಿಂದೂಪುರದತ್ತ ಹೋಗುವ ದಾರಿ. ಆದುದರಿಂದ ನಾಲ್ಕೂ ಊರಿನವರು ಒಂದೆಡೆ ಸೇರಬೇಕಾದರೆ ಬಸ್ಸನ್ನೋ ಲಾರಿಯನ್ನೋ ಹಿಡಿಯಬೇಕಾಗಿತ್ತು. ಊರೂರಿಗೂ ಅದರದೇ ಬಿಂಕ. ಶಿಡ್ಲಘಟ್ಟದವರಿಗೆ ತಮ್ಮ ರೇಷ್ಮೆಗೂಡಿನ ಮಾರುಕಟ್ಟೆಯ ಬಿಂಕ. ಚಿಂತಾಮಣಿಯವರಿಗೆ ತಮ್ಮ ವ್ಯಾಪಾರದ ಬಿಂಕ. ಗೌರಿಬಿದನೂರಿನವರಿಗೆ ತಮ್ಮ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರಲ್ಲಿ ಸ್ವಾತಂತ್ರ್ಯಕ್ಕಾಗಿ ಹರಿದ ನೆತ್ತರಿನ ಅಭಿಮಾನ. ಚಿಕ್ಕಬಳ್ಳಾಪುರದವರಿಗೆ ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯ ಹೆಮ್ಮೆ.

ಈ ಬಿಂಕಗಳೆಲ್ಲ ವರ್ಷಕ್ಕೊಮ್ಮೆ ಕಬಡ್ಡಿಯ ಅಂಕಣದಲ್ಲಿ ಮುಖಾಮುಖಿಯಾಗುತ್ತಿದ್ದವು. ಅದು ವಿಶ್ವವಿದ್ಯಾಲಯದ ಪಂದ್ಯವಲ್ಲ. ಬೆಂಗಳೂರಿಗೆ ಹೋಗಿ ಪೇಟೆಯ ಕಾಲೇಜುಗಳೆದುರು ಸೋತು ಬರುವುದಕ್ಕೆ ಮುಂಚೆ ನಮ್ಮ ನಮ್ಮಲ್ಲಿ ಕೈಕಾಲು ಆಡಿಸಿಕೊಳ್ಳೋಣವೆಂದು ನಾಲ್ಕೂರಿನ ವ್ಯಾಯಾಮದ ಮೇಷ್ಟರುಗಳು ತಾವೇ ಮಾತಾಡಿಕೊಂಡು ಹೂಡಿದ್ದ ಕೂಟ. ಅದಕ್ಕೆ ಹೆಸರಿರಲಿಲ್ಲ, ನಿಯಮಾವಳಿ ಇರಲಿಲ್ಲ; ಗೆದ್ದವರಿಗೆ ಒಂದು ಹಿತ್ತಾಳೆಯ ಬಟ್ಟಲು, ಎಲ್ಲರಿಗೂ ಒಂದು ಹೊತ್ತಿನ ಚಿತ್ರಾನ್ನ. ಆ ವರ್ಷ ಹುರುಪು ಇಮ್ಮಡಿಯಾಗಿತ್ತು. ವರ್ಷದ ಕೊನೆಗೆ ದೆಹಲಿಯಲ್ಲಿ ನಡೆಯಲಿದ್ದ ಏಷ್ಯನ್ ಕ್ರೀಡೆಗಳಲ್ಲಿ ನಮ್ಮ ಕಬಡ್ಡಿಯನ್ನು ಪ್ರದರ್ಶನದ ಆಟವಾಗಿ ಆಡಿಸುವರೆಂಬ ಸುದ್ದಿ ಬಂದಿತ್ತು. ಪದಕದ ಆಟವಾಗಲು ಅದು 1990ರ ಬೀಜಿಂಗಿನವರೆಗೆ ಕಾಯಬೇಕಾಯಿತು. ಆದರೆ ಅಂದು ನಮಗೆ ಅದೇನೂ ತಿಳಿಯದು. ಇಂದು ಈ ಮಣ್ಣಿನ ಅಂಕಣ, ನಾಳೆ ದೆಹಲಿ ಎಂದೇ ನಮ್ಮ ಲೆಕ್ಕ.

ಕೊನೆಯ ಪಂದ್ಯ ನಮಗೂ ಅವರಿಗೂ. ಆಟ ಮುಗಿಯಲು ಇನ್ನೊಂದೇ ದಾಳಿ ಉಳಿದಿತ್ತು. ಎರಡೂ ತಂಡಗಳ ಅಂಕ ಸಮಸಮವಾಗಿತ್ತು. ದಾಳಿಗೆ ಹೋದವನು ನಾನು. ಕಬಡ್ಡಿಯನ್ನು ಅರಿಯದ ಓದುಗರಿಗಾಗಿ ಒಂದು ಮಾತು. ದಾಳಿಗೆ ಹೋದವನು ಎದುರಾಳಿಯ ಅಂಕಣದಲ್ಲಿ ಇರುವಷ್ಟು ಹೊತ್ತೂ ಒಂದೇ ಉಸಿರಿನಲ್ಲಿ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿರಬೇಕು. ಅವನನ್ನು ಹಿಡಿದರೂ ಉಸಿರು ಮುರಿಯದಂತೆ ನಡುಗೆರೆಯನ್ನು ಮುಟ್ಟಿದರೆ ಹಿಡಿದವನು ಹೊರಗೆ. ಉಸಿರು ಮುರಿದರೆ ದಾಳಿಗೆ ಹೋದವನೇ ಹೊರಗೆ.

ಹಿಂದಿರುಗುವಾಗ ಅವರಲ್ಲೊಬ್ಬರು ನನ್ನ ಬಲಗಾಲಿನ ಹರಡನ್ನು ಹಿಡಿದರು. ಬಿದ್ದೆ. ಮುಖ ಮಣ್ಣಿಗೆ ತಾಗಿತ್ತು. ನಡುಗೆರೆ ಒಂದು ಮೊಳ ದೂರ. ಜನರೆಲ್ಲ ನುಗ್ಗಿ ಬಂದು ಕೂಗುತ್ತಿದ್ದರು. ತೀರ್ಪುಗಾರರಿಗೆ ನನ್ನ ಬೆನ್ನು ಮಾತ್ರ ಕಾಣುತ್ತಿದ್ದಿರಬೇಕು. ಎಳೆದೆ, ಒದ್ದೆ, ಹೊರಳಿದೆ, ಬಿಡಿಸಿಕೊಳ್ಳಲಾಗಲಿಲ್ಲ. ಕೊನೆಗೆ ನನ್ನ ಉಸಿರು ನಿಂತಿತು. ಒಂದು ಕ್ಷಣ ಬಾಯಿ ತೆರೆದು ಗಾಳಿಯನ್ನೆಳೆದುಕೊಂಡೆ. ಅಷ್ಟರಲ್ಲಿ ಕಾಲಿನ ಹಿಡಿತ ಸಡಿಲಿತು. ಸಡಿಲಿದೊಡನೆಯೇ ನಾನು ಮತ್ತೆ ‘ಕಬಡ್ಡಿ’ ಎಂದು ಕೂಗುತ್ತಾ ಗೆರೆಯ ಮೇಲೆ ಕೈಯಿಟ್ಟೆ. ತೀರ್ಪುಗಾರರು ಸೀಟಿ ಊದಿ ನಮ್ಮ ಕಡೆಗೆ ಕೈಯೆತ್ತಿದರು.

ಗದ್ದಲವೆದ್ದಿತು. ಅವರ ನಾಯಕ ಜನರನ್ನು ಸರಿಸಿಕೊಂಡು ನೇರವಾಗಿ ನನ್ನ ಬಳಿಗೆ ಬಂದ. ಜಗಳಕ್ಕೆ ಬಂದವನಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, “ನೀನೇ ಹೇಳಪ್ಪ, ಉಸಿರು ಇತ್ತೇ?” ಎಂದು ಕೇಳಿದ.

“ಇತ್ತು,” ಎಂದೆ.

ಅವರು ಚಿತ್ರಾನ್ನವನ್ನೂ ಉಣ್ಣದೆ ಲಾರಿ ಹತ್ತಿದರು. ಮರುವರ್ಷ ಅವರ ಕಡೆಯಿಂದ ಒಂದು ಕಾರ್ಡು ಬಂದಿತು. ಇನ್ನು ಮುಂದೆ ಈ ಕೂಟದಲ್ಲಿ ತಾವಿಲ್ಲ ಎಂದು. ಆ ವರ್ಷ ಮೂರೇ ತಂಡಗಳು ಆಡಿದವು. ಮೂರು ಕಾಲಿನ ಮಂಚದ ಮೇಲೆ ಎಷ್ಟು ದಿನ ಮಲಗಲಾದೀತು? ಅದರ ಮರುವರ್ಷ ಕೂಟವೇ ನಿಂತುಹೋಯಿತು. ಆದರೆ ಹಗೆ ಮಾತ್ರ ನಿಲ್ಲಲಿಲ್ಲ. ಆಟವಿದ್ದಾಗ ವರ್ಷಕ್ಕೊಮ್ಮೆ ಬೆವರಿನಲ್ಲಿ ಹರಿದುಹೋಗುತ್ತಿದ್ದ ಕಿಲುಬು ಈಗ ಹೊರಬೀಳಲು ದಾರಿಯಿಲ್ಲದೆ ಒಳಗೇ ಕೂತಿತು. ಆಡದ ಹುಡುಗರೂ ನೋಡದ ಪಂದ್ಯದ ವಿಷಯದಲ್ಲಿ ಹೊಡೆದಾಡಿಕೊಂಡರು.

ಇಂತಹುದು ನಮ್ಮ ಬಯಲುಸೀಮೆಯ ವಿಶೇಷವೆಂದು ಬಹಳ ದಿನ ಭಾವಿಸಿದ್ದೆ. ಗೌರಿಬಿದನೂರಿನ ಬಳಿಯ ಹೊಸೂರಿನಲ್ಲಿ ಹುಟ್ಟಿ, ಓದುವುದಕ್ಕಾಗಿ ಬೆಂಗಳೂರಿಗೆ ನಡೆದುಕೊಂಡೇ ಹೋಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾದ ಡಾ. ಎಚ್. ನರಸಿಂಹಯ್ಯನವರನ್ನು ನಮ್ಮ ಸೀಮೆಯಲ್ಲಿ ಅರಿಯದವರಿಲ್ಲ. ಅವರು ಡಾಕ್ಟರೇಟ್ ಪಡೆದುದು ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ನಮ್ಮ ತಾಲ್ಲೂಕುಗಳ ಹುಡುಗನೊಬ್ಬ ಓದಿದ ಆ ವಿದ್ಯಾಲಯ ಎಂತಹದೋ ಎಂಬ ಕುತೂಹಲದಿಂದ ಅದರ ಚರಿತ್ರೆಯನ್ನು ಹುಡುಕಿದಾಗ ನನಗೆ ಸಿಕ್ಕಿದುದು ವಿಜ್ಞಾನವಲ್ಲ, ನಮ್ಮದೇ ಕಥೆ.

ಅಲ್ಲಿ ಹಲವು ವಿಶ್ವವಿದ್ಯಾಲಯಗಳು ಸೇರಿ ಆಟಕ್ಕಾಗಿ ಕೂಟ ಕಟ್ಟಿಕೊಳ್ಳುತ್ತವೆ. ಅದನ್ನು ಕಾನ್ಫರೆನ್ಸ್ ಎನ್ನುತ್ತಾರೆ. ಓಹಾಯೋ ಸ್ಟೇಟಿಗೂ ನೆರೆಯ ಮಿಷಿಗನ್ನಿಗೂ ಅವರದೇ ಬಗೆಯ ಫುಟ್‌ಬಾಲಿನಲ್ಲಿ 1897ರಿಂದ ಹಗೆ. ಕೂಟದ ನಿಯಮಗಳನ್ನು ಒಪ್ಪದೆ ಮಿಷಿಗನ್ 1907ರ ಸುಮಾರಿಗೆ ಹೊರಬಿದ್ದಿತು. 1912ರಲ್ಲಿ ಓಹಾಯೋ ಅದೇ ಕೂಟಕ್ಕೆ ಸೇರಿತು. ಪರಿಣಾಮವಾಗಿ ಆ ವರ್ಷದ ತರುವಾಯ ಎರಡು ತಂಡಗಳೂ ಎದುರುಬದುರಾಗಲಿಲ್ಲ. ಮಿಷಿಗನ್ 1917ರಲ್ಲಿ ಹಿಂದಿರುಗಿತು. 1918ರಲ್ಲಿ ಪಂದ್ಯ ಮತ್ತೆ ನಡೆಯಿತು. ಇಂದಿಗೂ ಪಂದ್ಯದ ವಾರದಲ್ಲಿ ಓಹಾಯೋದ ವಿದ್ಯಾರ್ಥಿಗಳು ತಮ್ಮ ಆವರಣದ ಫಲಕಗಳಲ್ಲಿರುವ ‘ಎಂ’ ಅಕ್ಷರದ ಮೇಲೆಲ್ಲ ಕಾಟು ಹೊಡೆಯುತ್ತಾರಂತೆ. ನಮ್ಮವರು ‘ಆ ಊರು’ ಎಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಟೆಕ್ಸಾಸ್ ಪ್ರಾಂತದಲ್ಲಿಯೂ ಹಾಗೆಯೇ. 1894ರಲ್ಲಿ ಮೊದಲಾದ ಎರಡು ವಿಶ್ವವಿದ್ಯಾಲಯಗಳ ಪಂದ್ಯ, ಒಂದು ಕೂಟ ಬಿಟ್ಟುಹೋದುದರಿಂದ 2011ಕ್ಕೆ ನಿಂತಿತು. ಎರಡನೆಯದೂ ಅದೇ ಹೊಸ ಕೂಟಕ್ಕೆ ಬಂದು ಸೇರಿದ ಮೇಲೆ 2024ರಲ್ಲಿ ಮತ್ತೆ ಆರಂಭವಾಯಿತು. ಹೊರನಡೆಯುವವನು ಶತ್ರುವನ್ನು ಬಿಟ್ಟು ಹೋಗುತ್ತೇನೆಂದು ತಿಳಿಯುತ್ತಾನೆ. ಅವನು ಬಿಟ್ಟುಹೋಗುವುದು ಶತ್ರುವನ್ನು ಭೇಟಿಯಾಗುವ ಅವಕಾಶವನ್ನು ಮಾತ್ರ.

ನಮ್ಮನ್ನು ಮತ್ತೆ ಒಂದೆಡೆ ತಂದುದು ನಮ್ಮ ವಿವೇಕವಲ್ಲ, ಸರ್ಕಾರದ ಆಜ್ಞೆ. ನಮ್ಮ ಸೀಮೆಯ ಕಾಲೇಜುಗಳು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದು, 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದರ ಆಶ್ರಯಕ್ಕೆ ಬಂದವು. ಅದನ್ನು ಮೂರಾಗಿ ಒಡೆದುದರಿಂದ 2017ರಲ್ಲಿ ಕೋಲಾರವನ್ನು ಕೇಂದ್ರವಾಗಿಟ್ಟುಕೊಂಡು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಆರಂಭವಾಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಲೇಜುಗಳು ಅದರ ಪಾಲಿಗೆ ಬಂದವು. ಹಳೆಯ ವಿದ್ಯಾರ್ಥಿಗಳಾದ ನಮ್ಮಲ್ಲಿ ಕೆಲವರು, ಬೆಂಗಳೂರಿನ ಹೆಸರಾಂತ ಕಾಲೇಜುಗಳನ್ನು ಸೋಲಿಸುವ ಕನಸು ಕೈತಪ್ಪಿತಲ್ಲಾ ಎಂದು ಮರುಗಿದೆವು. ಆದರೆ ಪೇಟೆಯ ಗುಂಪು ಕರಗಿದಾಗ ನಮ್ಮ ಊರುಗಳು ಒಂದಕ್ಕೊಂದು ಮತ್ತೆ ಕಾಣಿಸತೊಡಗಿದವು.

2023ರಲ್ಲಿ ನನ್ನ ಅಕ್ಕನ ಮೊಮ್ಮಗಳು ನಮ್ಮ ಕಾಲೇಜಿನ ಹೆಣ್ಣುಮಕ್ಕಳ ಕಬಡ್ಡಿ ತಂಡದಲ್ಲಿದ್ದಳು. ಎದುರಾಳಿ ಯಾರೆಂದು ಕೇಳಿದೆ. ಅವಳು ‘ಆ ಊರಿನ’ ಹೆಸರನ್ನು ಯಾವ ಅಳುಕೂ ಇಲ್ಲದೆ ಹೇಳಿದಳು. ಮಣ್ಣಿನ ಬದಲು ಚಾಪೆ, ತೊಟ್ಟವರೆಲ್ಲರ ಕಾಲಿನಲ್ಲಿ ಬೂಟು; ಉಸಿರಿನ ಜೊತೆಗೆ ಗಡಿಯಾರವೂ ಮೂವತ್ತು ಸೆಕೆಂಡುಗಳನ್ನು ಎಣಿಸುವ ಕಾಲ. ಮಕ್ಕಳು ಚೆನ್ನಾಗಿ ಆಡಿದರು. ನಮ್ಮವರು ಸೋತರು. ಸೋತವರೂ ಗೆದ್ದವರೂ ಒಟ್ಟಿಗೆ ನಿಂತು ಫೋಟೋ ತೆಗೆಸಿಕೊಂಡರು.

ಆಗ ಪಕ್ಕದ ಕಲ್ಲುಬೆಂಚಿನ ಮೇಲಿದ್ದ ನರೆತಲೆಯವರೊಬ್ಬರು ನನ್ನತ್ತ ತಿರುಗಿ, “ಏನು ಸ್ವಾಮಿ, ಗುರುತು ಸಿಗಲಿಲ್ಲವೇ? ನಿಮ್ಮ ಬಲಗಾಲಿಗಾದರೂ ನನ್ನ ಗುರುತು ಇರಬೇಕು,” ಎಂದರು.

ನಲವತ್ತೊಂದು ವರ್ಷ ನಾಲಗೆಯ ತುದಿಯಲ್ಲಿದ್ದ ಮಾತು ಆಗ ಹೊರಬಿದ್ದಿತು. “ಅಂದು ನನ್ನ ಉಸಿರು ಮುರಿದಿತ್ತು,” ಎಂದೆ. ಅವರು ಕೋಪಿಸಿಕೊಳ್ಳುವರು, ಇಲ್ಲವೇ ನಕ್ಕುಬಿಡುವರು ಎಂದುಕೊಂಡಿದ್ದೆ. ಅವರು ಎರಡನ್ನೂ ಮಾಡಲಿಲ್ಲ.

“ಗೊತ್ತು. ನನಗೆ ಕೇಳಿಸಿತ್ತು. ಉಸಿರು ನಿಂತಿತಲ್ಲ, ಇನ್ನೇಕೆ ಹಿಡಿಯುವುದು, ಕಾಲು ಮುರಿದೀತು ಎಂದು ಬಿಟ್ಟೆ,” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಮುಂದುವರಿಸಿದರು: “ನಮ್ಮವರು ಹೊರಗೆ ತೀರ್ಪುಗಾರರನ್ನು ಬೈದರು. ಒಳಗೆ ನನ್ನನ್ನೇ ಬೈದರು. ಕೈಸೋತು ಕಾಲು ಬಿಟ್ಟೆನೆಂದರು. ದುಡ್ಡು ತಿಂದೆನೆಂದವರೂ ಇದ್ದಾರೆ. ಮರುವರ್ಷ ಕೂಟಕ್ಕೆ ಬರುವುದಿಲ್ಲವೆಂದು ತೀರ್ಮಾನವಾದಾಗ, ನನ್ನನ್ನು ತಂಡದಿಂದ ಬಿಡಬೇಕೋ ಬೇಡವೋ ಎಂಬ ಜಗಳವೂ ತಪ್ಪಿತೆಂದು ಕೆಲವರಿಗೆ ಸಮಾಧಾನ. ನಮ್ಮ ನಾಯಕನಿಗೆ ನಾನು ಎಷ್ಟೋ ಸಲ ಹೇಳಿದೆ. ‘ಅವನನ್ನು ಕೇಳಿದೆ, ಉಸಿರು ಇತ್ತು ಎಂದನಲ್ಲ’ ಎನ್ನುತ್ತಿದ್ದ. ಹೋದ ವರ್ಷ ತೀರಿಕೊಂಡ.”

ನನಗೆ ಮಾತು ಹೊರಡಲಿಲ್ಲ. ನನ್ನ ಸುಳ್ಳು ಅವರ ತಂಡಕ್ಕೆ ಒಂದು ಬಟ್ಟಲನ್ನು ತಪ್ಪಿಸಿತೆಂದು ಮಾತ್ರ ಇಷ್ಟು ಕಾಲ ತಿಳಿದಿದ್ದೆ. ನನ್ನ ಕಾಲು ಉಳಿಯಲೆಂದು ಕೈಬಿಟ್ಟ ಮನುಷ್ಯನಿಗೆ ಅವನ ಊರಿನಲ್ಲಿಯೇ ತಲೆ ತಗ್ಗುವಂತೆ ಮಾಡಿದ್ದೆನೆಂದು ಅರಿತಿರಲಿಲ್ಲ. ಕೂಟ ನಿಲ್ಲದೆ ಹೋಗಿದ್ದರೆ ಮರುವರ್ಷವೋ ಅದರ ಮುಂದಿನ ವರ್ಷವೋ, ಚಿತ್ರಾನ್ನದ ಎಲೆಯ ಮುಂದೆ ಕುಳಿತಾಗ, ಆ ನಾಯಕನ ಕಿವಿಯಲ್ಲಿ ನಿಜವನ್ನು ಹೇಳಿಬಿಡುತ್ತಿದ್ದೆನೋ ಏನೋ. ಹೇಳುತ್ತಿದ್ದೆನೆಂದು ಆಣೆಯಿಡಲಾರೆ. ಆದರೆ ಹೇಳಲು ಒಂದು ಎಲೆಯಾದರೂ ಇರುತ್ತಿತ್ತು.

“ಈಗ ನಾನೇನು ಮಾಡಲಿ, ಹೇಳಿ,” ಎಂದು ಕೇಳಿದೆ.

“ಬರೆಯಿರಿ,” ಎಂದರು. “ಹೆಸರು ಬೇಡ, ಊರೂ ಬೇಡ. ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಜಗಳ ಬೇಡ. ಅಂದು ಆಡಿದವರಲ್ಲಿ ನಮ್ಮ ಕಡೆ ಇನ್ನೂ ನಾಲ್ಕು ಜನ ಇದ್ದಾರೆ. ಅವರಿಗೆ ಗೊತ್ತಾದರೆ ಸಾಕು.”

ಆ ನಾಲ್ವರಿಗಾಗಿ ಬರೆದಿದ್ದೇನೆ. 1982ರಲ್ಲಿ ಗೆರೆಯನ್ನು ಮುಟ್ಟುವ ಮೊದಲೇ ನನ್ನ ಉಸಿರು ಮುರಿದಿತ್ತು. ನಿಮ್ಮವರು ಕಾಲು ಬಿಟ್ಟುದು ಕೈಸೋತು ಅಲ್ಲ.