ಹಡಗು ಹತ್ತಿದ ಕುದುರೆಗಳು

ಅಜ್ಜಂಪುರದ ಕಡೆಯವರಿಗೆ ಅಮೃತಮಹಲ್ ದನ ಅಂದ್ರೆ ಜಂಬ ಸ್ವಲ್ಪ ಜಾಸ್ತಿ. ನನಗೂ ಅಷ್ಟೇ. ಆಫೀಸಲ್ಲಿ ಯಾರಾದ್ರೂ ಊರು ಕೇಳಿದ್ರೆ ಕಡೂರು, ತರೀಕೆರೆ ಅಂತ ಗುರುತು ಹೇಳಿ ಕೊನೆಗೆ ದನದ ಕಥೆಗೇ ಬರ್ತೀನಿ. ಚಿಕ್ಕದೇವರಾಜ ಒಡೆಯರ 'ಬೆಣ್ಣೆ ಚಾವಡಿ'ಯೇ ಟಿಪ್ಪು ಕಾಲಕ್ಕೆ ಅಮೃತಮಹಲ್ ಆಯ್ತು, ನಮ್ಮೂರಲ್ಲಿ ತಳಿ ಕೇಂದ್ರ ಬಂದಿದ್ದು 1929ರಲ್ಲಿ, ಇತ್ಯಾದಿ.

ಆದ್ರೆ ಆ ಎತ್ತುಗಳು ಫಿರಂಗಿ ಎಳೀತಾ ನಡೆದೇ ಯುದ್ಧಕ್ಕೆ ಹೋಗ್ತಿದ್ವು. 1914ರಲ್ಲಿ ಮೈಸೂರಿನ ಪಡೆಗೆ ಹೊರಡೋಕೆ ಕರೆ ಬಂದಾಗ ದಾಟಬೇಕಿದ್ದದ್ದು ಸಮುದ್ರ. ಮೈಸೂರು ಲ್ಯಾನ್ಸರ್ಸ್ ಅಶ್ವದಳ ಬೊಂಬಾಯಿಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೊರಟಿತು. ಸವಾರರ ಜೊತೆ ಕುದುರೆಗಳೂ.

1830ರಲ್ಲಿ 'ಹ್ಯೂ ಲಿಂಡ್ಸೆ' ಅನ್ನೋ ಉಗಿಹಡಗು ಬೊಂಬಾಯಿಯಿಂದ ಸೂಯೆಜ್‌ಗೆ ಹೋಗೋಕೆ 33 ದಿನ ತಗೊಂಡಿತ್ತು. ದಾರೀಲಿ ನಿಂತು ನಿಂತು ಕಲ್ಲಿದ್ದಲು ತುಂಬಿಸ್ಕೋಬೇಕಿತ್ತಲ್ಲ. 1914ರ ಹೊತ್ತಿಗೆ ಅದೇ ದಾರಿ ಎರಡು ವಾರದ್ದು. ಎರಡೇ ವಾರ ಅನ್ನಿಸುತ್ತೆ. ಕುದುರೆಯ ಕಡೆಯಿಂದ ನೋಡಿ.

ಮಲಗೋಕೆ ಜಾಗವಿಲ್ಲದ ಇಕ್ಕಟ್ಟಿನ ಕಟಕಟೆ. ಅಷ್ಟೂ ದಿನ ನಿಂತೇ ಇರಬೇಕು. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಅದರ ದೇಹವೇ ಹಾಗೆ. ಹೊಟ್ಟೆ ಕೆಟ್ಟರೆ ಒಳಗೊಳಗೇ ಒದ್ದಾಡಬೇಕು. ಕೆಳಗಿನ ಅಂತಸ್ತಿನಲ್ಲಿ ಸೆಕೆ, ಗಂಜಲದ ಘಾಟು. ಕ್ಯಾನ್ವಾಸ್ ಕೊಳವೆ ಕಟ್ಟಿ ಮೇಲಿಂದ ಗಾಳಿ ಇಳಿಸ್ತಿದ್ರು. ನಮ್ಮನೆ ಹೋರಿಯನ್ನ ಲಾರಿ ಹತ್ತಿಸೋಕೇ ನಾಲ್ಕು ಜನ ಬೇಕಾಗಿತ್ತು, ಅಪ್ಪನ ಕೈಯಿಂದ ಹಗ್ಗ ಎರಡು ಸಲ ಜಾರಿತ್ತು. ಅದು ಹೋಗಿದ್ದು ಪಕ್ಕದೂರಿಗೆ.

ಯುದ್ಧಕ್ಕೆ ಇಂಥ ಹಡಗುಗಳು ಸಿಕ್ಕಿದ್ದೂ ವಿಚಿತ್ರವೇ. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಥರದ ಕಂಪನಿಗಳು ಶಾಂತಿಕಾಲದಲ್ಲಿ ಕೂಲಿಕಾರರನ್ನ ಬರ್ಮಾಕ್ಕೆ, ಮಲಯಕ್ಕೆ ಡೆಕ್ ಮೇಲೆ ಕೂರಿಸಿಕೊಂಡು ಹೋಗ್ತಿದ್ವು. ಯುದ್ಧ ಬಂದಾಗ ಅದೇ ಹಡಗುಗಳಿಗೆ ಸೈನಿಕರು ಮತ್ತು ಪ್ರಾಣಿಗಳು. ಹೊಟ್ಟೆಪಾಡಿಗೆ ಊರು ಬಿಟ್ಟವನೂ ದೊರೆಯ ಹುಕುಂಗೆ ಬಿಟ್ಟವನೂ ಒಂದೇ ಹಲಗೆ ಮೇಲೆ ಕಾಲಿಟ್ಟು ಹತ್ತಿದ್ದಿರಬೇಕು ಅಂತ ನನಗನ್ನಿಸುತ್ತೆ.

ಸಮುದ್ರವೂ ಸುರಕ್ಷಿತವಿರಲಿಲ್ಲ. ಜರ್ಮನ್ನರ ಯುದ್ಧನೌಕೆ 'ಎಂಡೆನ್' 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಹಾಕಿತ್ತು. ನವೆಂಬರ್ 9ರಂದು ಅದರ ಕಥೆ ಮುಗಿಯೋವರೆಗೆ ಹಿಂದೂ ಮಹಾಸಾಗರದ ಪ್ರತಿ ಹಡಗಿಗೂ ಅದರದೇ ಭಯ. ಹಡಗು ಮುಳುಗಿದ್ರೆ ಸವಾರ ಈಜಬಹುದು, ದೋಣಿ ಹಿಡೀಬಹುದು. ಕಟಕಟೆಯಲ್ಲಿ ಕಟ್ಟಿದ ಕುದುರೆ?

ಲ್ಯಾನ್ಸರ್ಸ್ ಮುಟ್ಟಿದ್ರು. ಸೂಯೆಜ್ ಕಾಲುವೆ ಕಾದು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದ ಜೊತೆ ಹೈಫಾ ಗೆದ್ದರು. ಮಷಿನ್‌ಗನ್ನಿನ ಎದುರು ಭರ್ಜಿ ಹಿಡಿದು ಕುದುರೆ ಓಡಿಸಿ! ದೆಹಲಿಯ ತೀನ್ ಮೂರ್ತಿಯಲ್ಲಿರೋ ಮೂರು ಕಂಚಿನ ಸೈನಿಕರಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಈ ದಳದ ಸ್ಮಾರಕವಿದೆ. ಒಂದು ಭಾನುವಾರ ಬೈಕ್ ನಿಲ್ಲಿಸಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತಿದ್ದೆ. ಸೈನಿಕರ ಸ್ಮಾರಕ ಅದು, ಸರಿಯೇ. ಹೈಫಾದ ಗುಡ್ಡ ಹತ್ತಿದವರು ಮಾತ್ರ ಕುದುರೆ ಮೇಲೇ ಇದ್ದರು.