ಕಬ್ಬಿನ ಸೀಮೆಯಲ್ಲಿ ಹಳೆಯ ಕಾರು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವೆ ಹರಡಿದ ಎರೆಮಣ್ಣಿನ ಸೀಮೆಯೇ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ನಾಡು. ಜಮಖಂಡಿಯನ್ನು ಪಟವರ್ಧನರೂ ಮುಧೋಳವನ್ನು ಘೋರ್ಪಡೆಯವರೂ ಆಳುತ್ತಿದ್ದರು. 1948ರಲ್ಲಿ ಈ ಎರಡು ಸಂಸ್ಥಾನಗಳೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಸೀಮೆಯೆಲ್ಲ ಕನ್ನಡ ರಾಜ್ಯವನ್ನು ಸೇರಿತು. 1997ರಲ್ಲಿ ವಿಜಾಪುರ ಜಿಲ್ಲೆಯನ್ನು ವಿಭಜಿಸಿದಾಗ ಬಾಗಲಕೋಟೆಯ ಮಡಿಲಿಗೆ ಬಂದಿತು.

ಅರಸರ ಕಾಲ ಸಂದಿತು. ಆದರೆ ಆ ಊರುಗಳ ಹಳೆಯ ಮನೆಗಳ ಅಂಗಳದಲ್ಲಿ ಇನ್ನೊಂದು ಕಾಲದ ನೆನಪು ಅಲ್ಲಲ್ಲಿ ನಿಂತಿರುವುದುಂಟು. ಅದು ತಂದೆಯೋ ಅಜ್ಜನೋ ಕೊಂಡ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಮೊದಲೇ. ಮಗಳ ಮದುವೆಯ ದಿಬ್ಬಣಕ್ಕೆ, ಸೊಸೆಯ ಸೀಮಂತಕ್ಕೆ, ರಾಮತೀರ್ಥದ ಗುಡ್ಡಕ್ಕೆ ಮನೆಮಂದಿಯನ್ನೆಲ್ಲ ಹೊತ್ತು ತಿರುಗಿದ ಬಂಡಿಯನ್ನು ಗುಜರಿಗೆ ಹಾಕಲು ಯಾರ ಮನಸ್ಸು ಒಪ್ಪೀತು?

ಇಂಥ ಕಾರುಗಳಿಗೆ ಸಾಮಾನ್ಯವಾಗಿ ಬರುವ ಕಾಯಿಲೆ ಒಂದಿದೆ. ರಸ್ತೆಯಲ್ಲಿ ಓಡುವಾಗ ಏನೂ ತೊಂದರೆಯಿಲ್ಲ. ಕಾಲನ್ನು ಆಕ್ಸಿಲರೇಟರಿನಿಂದ ತೆಗೆದೊಡನೆ ಇಂಜಿನ್ನಿನ ಗತಿ ತೀರ ಇಳಿಯುತ್ತದೆ, ಮೈ ನಡುಗುತ್ತದೆ, ಎರಡು ಬಾರಿ ಬಿಕ್ಕಿ ನಿಂತುಬಿಡುತ್ತದೆ. ಮನೆಯ ಮುಂದೆ ನಿಂತರೆ ನಗೆಯ ವಿಷಯ. ನಡುದಾರಿಯಲ್ಲಿ ನಿಂತರೆ ಪ್ರಾಣದ ವಿಷಯ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳದಿಂದ ಮಹಾಲಿಂಗಪುರಕ್ಕೆ, ಅಲ್ಲಿಂದ ಬನಹಟ್ಟಿಗೆ ಹೋಗುವ ದಾರಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಎರಡೆರಡು ಟ್ರೇಲರುಗಳಲ್ಲಿ ಕಬ್ಬನ್ನು ಮುಗಿಲೆತ್ತರ ಹೇರಿಕೊಂಡ ಟ್ರ್ಯಾಕ್ಟರು ಥಟ್ಟನೆ ನಿಲ್ಲಲಾರದು. ಅದರ ಎದುರಿನ ತಿರುವಿನಲ್ಲಿ ಕಾರು ಬಿಕ್ಕಿ ನಿಂತರೆ, ಒಳಗೆ ಕುಳಿತ ಹೆಂಗಸರು ಮಕ್ಕಳ ಗತಿಯೇನು?

ಈ ಕಾಯಿಲೆಗೂ ಈ ನೆಲಕ್ಕೂ ಈಚೆಗೆ ಒಂದು ವಿಚಿತ್ರ ನಂಟು ಬೆಳೆದಿದೆ. ಒಂದು ಕಾಲಕ್ಕೆ ಮಳೆಯನ್ನೇ ನೆಚ್ಚಿ ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ನೀರು ಬಂದದ್ದು ದೊಡ್ಡ ಕಥೆ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಬೆವರು ಸುರಿಸಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪುತ್ತದೆ! ನೀರಿನ ಬೆನ್ನಿಗೆ ಕಬ್ಬು ಬಂದಿತು. ಕಬ್ಬಿನ ಬೆನ್ನಿಗೆ ಕಾರ್ಖಾನೆಗಳು ಬಂದವು. ಮಹಾಲಿಂಗಪುರದ ಪೇಟೆಗೆ ಬೆಲ್ಲದ ಹೆಸರು ಮೊದಲೇ ಇತ್ತು. ಈಗ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಸಕ್ಕರೆಯ ಜೊತೆಗೆ ಎಥೆನಾಲೂ ಇಳಿಯುತ್ತದೆ. 2023ರಲ್ಲಿ ದೇಶದಲ್ಲಿ ಮಾರಾಟಕ್ಕೆ ಬಂದ, ನೂರಕ್ಕೆ 20 ಪಾಲು ಎಥೆನಾಲ್ ಬೆರೆತ ಪೆಟ್ರೋಲು ಇಂದು ಎಲ್ಲೆಡೆ ಹರಡಿದೆ. ರೈತನ ಹೊಲದ ರಸ ರೈತನ ಮಗನ ಮೋಟರಿನಲ್ಲೇ ಉರಿಯುವ ಕಾಲ ಇದು.

ಹೊಸ ಕಾರು ಇಂಧನದ ಗುಣವನ್ನು ತಾನೇ ಅರಿತು ಅಳತೆಯನ್ನು ಬದಲಿಸಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರಿಗೆ ಆ ಜಾಣತನವಿಲ್ಲ. ಅದರ ಜೆಟ್ಟಿನ ರಂಧ್ರ ಎಷ್ಟಿದೆಯೋ ಅಷ್ಟೇ ಇಂಧನ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಎಥೆನಾಲಿಗೆ ಸುಮಾರು 9 ಪಾಲು ಸಾಕು. ಆದುದರಿಂದ ಮಿಶ್ರ ಇಂಧನ ಅದೇ ರಂಧ್ರದಿಂದ ಹರಿದಾಗ ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾದಂತಾಗುತ್ತದೆ. ಅಡುಗೆಯವರ ಮಾತಿನಲ್ಲಿ ಹೇಳುವುದಾದರೆ ಸಾರು ನೀರಾಯಿತು. ವೇಗದಲ್ಲಿ ಇದು ಅಷ್ಟಾಗಿ ತಿಳಿಯದಿದ್ದರೂ ನಿಂತಲ್ಲಿ ಓಡುವ ಇಂಜಿನ್ನಿಗೆ ತಡೆಯದು. ಎಥೆನಾಲು ಹಳೆಯ ಟ್ಯಾಂಕಿನ ತಳದ ಜಿಡ್ಡನ್ನು ಸಡಿಲಿಸುತ್ತದೆ. ಆ ಕಸ ಕೂದಲೆಳೆಯಂಥ ಜೆಟ್ಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ರಬ್ಬರಿನ ಕೊಳವೆಗಳನ್ನೂ ಪೆಟ್ರೋಲ್ ಪಂಪಿನ ಪೊರೆಯನ್ನೂ ಅದು ಕೆಡಿಸುತ್ತದೆ. ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವೂ ಅದಕ್ಕಿದೆ. ತಿಂಗಳುಗಟ್ಟಲೆ ನಿಂತ ಕಾರಿಗೆ ಇದು ಇನ್ನೊಂದು ಕೇಡು.

ಆದರೆ ಎಲ್ಲ ತಪ್ಪನ್ನೂ ಪೆಟ್ರೋಲಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅನುಭವಿಯಾದ ಮಿಸ್ತ್ರಿ ತಿರುಪಿಗೆ ಕೈ ಹಚ್ಚುವ ಮುನ್ನ ಉಳಿದುದನ್ನು ನೋಡುತ್ತಾನೆ. ಇಂಜಿನ್ ಚೆನ್ನಾಗಿ ಬಿಸಿಯಾಗಬೇಕು. ಚೋಕು ಪೂರ್ತಿ ಒಳಗೆ ಹೋಗಿರಬೇಕು. ಮಗ್ಗಗಳ ಹತ್ತಿಯ ನವಿರು, ಎರೆಹೊಲದ ಧೂಳು ಹೊಕ್ಕ ಏರ್ ಫಿಲ್ಟರನ್ನು ಶುದ್ಧ ಮಾಡಬೇಕು. ಪ್ಲಗ್ಗುಗಳು ಕರಿಹಿಡಿದಿವೆಯೇ, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಸುಟ್ಟಿವೆಯೇ ಎಂದು ಪರೀಕ್ಷಿಸಬೇಕು. ಕಾರ್ಬೊರೇಟರಿನ ಬುಡದ ಗ್ಯಾಸ್ಕೆಟ್ಟು ಸೋರುತ್ತಿದ್ದರೆ ಕಳ್ಳಗಾಳಿ ಒಳನುಗ್ಗುತ್ತದೆ. ಆ ಸಂದಿಗೆ ಒಂದೆರಡು ಹನಿ ಎಣ್ಣೆ ಬಿಟ್ಟಾಗ ಇಂಜಿನ್ನಿನ ದನಿ ಬದಲಾದರೆ ಕಳ್ಳ ಅಲ್ಲಿಯೇ ಇದ್ದಾನೆ.

ಇಷ್ಟಾದ ಮೇಲೆ ಜೆಟ್ಟನ್ನು ಬಿಚ್ಚಿ ಗಾಳಿ ಊದಿ ತೆರವು ಮಾಡುವುದು. ತಂತಿಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗುವ ಭಯವುಂಟು. ಕೊನೆಗೆ ಎರಡು ತಿರುಪುಗಳ ಸರದಿ. ಒಂದು ಗತಿಯದು, ಇನ್ನೊಂದು ಮಿಶ್ರಣದ್ದು. ಮೊದಲನೆಯದರಿಂದ ಗತಿಯನ್ನು ತುಸು ಏರಿಸಿ, ಎರಡನೆಯದನ್ನು ಮೆಲ್ಲಮೆಲ್ಲನೆ ತಿರುಗಿಸುತ್ತ ಇಂಜಿನ್ ಅತ್ಯಂತ ನಯವಾಗಿ ಓಡುವ ಎಡೆಯಲ್ಲಿ ನಿಲ್ಲಿಸಿ, ಮತ್ತೆ ಗತಿಯನ್ನು ಹದಕ್ಕೆ ತರಬೇಕು. ಕಾರಣ ಹುಡುಕದೆ ಗತಿಯ ತಿರುಪನ್ನಷ್ಟೇ ಬಿಗಿದರೆ ಅದು ಜ್ವರಕ್ಕೆ ಕಂಬಳಿ ಹೊದಿಸಿದಂತೆ.

ಹೀಗೆ ಹದಗೊಂಡ ಕಾರಿನಲ್ಲಿ ಈ ಸೀಮೆಯನ್ನು ಸುತ್ತುವ ಸೊಗಸೇ ಬೇರೆ. ಅವಸರವಿಲ್ಲದ ಪಯಣಕ್ಕೆ ಒಪ್ಪುವ ಊರುಗಳಿವು. ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗಗಳ ಸದ್ದಿನ ನಡುವೆ ಸೀರೆಗಳು ನೇಯುತ್ತಿರುತ್ತವೆ. ಮುಧೋಳ ಕವಿಚಕ್ರವರ್ತಿ ರನ್ನನ ನಾಡು. ಬಾಣದಂತೆ ಓಡುವ ಬೇಟೆನಾಯಿಯ ತವರು. 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಆ ನಾಯಿಯ ಚಿತ್ರ ಬಂದಿತು. ಬೀಳಗಿಯ ಕಡೆ ಹೊರಳಿದರೆ ಆಲಮಟ್ಟಿ ಜಲಾಶಯದ ಹಿನ್ನೀರು ಕಾಣುತ್ತದೆ. ಮುಳುಗಿದ ಹಳ್ಳಿಗಳ ಜನ ಹೊಸ ನೆಲೆಗಳಲ್ಲಿ ಬದುಕು ಕಟ್ಟಿಕೊಂಡಿದ್ದಾರೆ. ಹಿರಿಯರ ಹೊಲ ನೀರಿಗೆ ಹೋದವರಿಗೆ ಹಿರಿಯರ ಒಂದು ವಸ್ತುವನ್ನು ಉಳಿಸಿಕೊಳ್ಳುವ ಬೆಲೆ ಹೆಚ್ಚು ತಿಳಿದಿರುತ್ತದೆ.

ಸ್ವಂತದ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಪರೀಕ್ಷೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಬಿಡಿಭಾಗಗಳು ದುರ್ಲಭವಾಗುತ್ತಿವೆ, ಕಿವಿಯಿಂದಲೇ ಕಾಯಿಲೆ ಗುರುತಿಸುವ ಮಿಸ್ತ್ರಿಗಳಿಗೆ ವಯಸ್ಸಾಗುತ್ತಿದೆ. ಕಾರನ್ನು ಉಳಿಸಬೇಕೆನ್ನುವವರು ಅವರ ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸುವುದು ಒಳ್ಳೆಯದು. ತಿರುಪು ಎಷ್ಟು ಸುತ್ತು ತಿರುಗಬೇಕೆಂಬುದನ್ನು ಪುಸ್ತಕ ಹೇಳೀತು. ಎಲ್ಲಿ ನಿಲ್ಲಬೇಕೆಂಬುದನ್ನು ಕಿವಿಯೇ ಕಲಿಯಬೇಕು.